ಓಟಗಾರರನ್ನು ಕಡುಬಿಗೆ ಕೂರಿಸಿದ ನಳಿನಕ್ಕ

ಅಷ್ಟು ಕಾಫಿ ಕುಡಿದೂ ಕಾರು ಹತ್ತಿದ ಕೂಡಲೇ ಗೊರಕೆ ಹೊಡೆಯುವ ಮನುಷ್ಯರನ್ನು ನಳಿನಕ್ಕನ ಹೊರತು ನಾನು ಕಂಡಿಲ್ಲ. ಮನೆಮನೆಯಲ್ಲಿ ಕಾಫಿ ಕುಡಿಯುವುದೇ ಅವಳ ಉದ್ಯೋಗ ಎಂದು ನಾನು ಚುಡಾಯಿಸುತ್ತಿದ್ದೆ. ಕೊಪ್ಪದವಳು, ಕತಾರಿನಲ್ಲಿ ಫುಟ್‌ಬಾಲಿಗೆ, ಜಪಾನಿನಲ್ಲಿ ಬ್ಯಾಡ್ಮಿಂಟನ್ನಿಗೆ ಪ್ರಚಾರದ ಕೆಲಸ ಮಾಡಿ, ಕೊನೆಗೆ ನಮ್ಮ ಕಡೆ ನಡೆಯುವ ಅಂತಾರಾಷ್ಟ್ರೀಯ ಓಟವೊಂದರ ಸಂಪರ್ಕಾಧಿಕಾರಿಯಾಗಿ ಊರಿಗೆ ಬಂದಿದ್ದಳು. ನಾನು ಇಲ್ಲಿನ ಸಣ್ಣ ಪತ್ರಿಕೆಯ ವರದಿಗಾರ. ಒಂದು ಪ್ರಕಟಣೆ ಕಳಿಸಿದರೆ ಸಾಲದೇ ಎಂದರೆ ಉರಿದು ಬೀಳುತ್ತಿದ್ದಳು.

"ಯಾರು ಓದ್ತಾರೆ ಮಾರಾಯ ನಿನ್ನ ಪ್ರಕಟಣೆ? ಕತಾರಲ್ಲೂ ಅಷ್ಟೆ, ಕೊಪ್ಪದಲ್ಲೂ ಅಷ್ಟೆ. ಮುಖ ನೋಡಿ ಮಾತಾಡ್ಬೇಕು."

ಓಟ ಹರಿಹರಪುರದಿಂದ ನರಸಿಂಹರಾಜಪುರಕ್ಕೆ. ದಾರಿಯ ಒಂದು ಮನೆಯನ್ನೂ ಬಿಡಲಿಲ್ಲ ಪುಣ್ಯಾತ್ಗಿತ್ತಿ. "ಓಡೋರು ನಿಮ್ಮನೆ ನೆಂಟರು ಅಂತ ತಿಳ್ಕೊಳ್ಳಿ," ಎಂದು ಮನೆಯವರಿಗೆ ಹೇಳಿದಳು. ಕೀನ್ಯಾ, ಫ್ರಾನ್ಸುಗಳಿಂದ ಬಂದ ಓಟಗಾರರನ್ನು ಕೂರಿಸಿಕೊಂಡು, ಇಲ್ಲಿನವರು ಏನಾದರೂ ಕೊಟ್ಟರೆ ಬೇಡ ಎನ್ನಬೇಡಿ, ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಅವರಿಗೂ ಪಾಠ ಮಾಡಿದಳು.

ಎರಡೂ ಕಡೆಯವರು ಅವಳ ಮಾತನ್ನು ಚಾಚೂ ತಪ್ಪದೆ ಪಾಲಿಸಿಬಿಟ್ಟರು! ಎಲ್ಲರಿಗಿಂತ ಮುಂದಿದ್ದ ಕೀನ್ಯಾದ ಓಟಗಾರ ಸೀತೂರಿನ ಪದ್ಮಕ್ಕನ ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕಡುಬು ತಿನ್ನುತ್ತಿದ್ದ. ಅವನ ಹಿಂದಿದ್ದ ಫ್ರೆಂಚ್ ಹುಡುಗಿಗೆ ಪಕ್ಕದ ಮನೆಯಲ್ಲಿ ಮಜ್ಜಿಗೆ ಉಪಚಾರ.

"ಓಟದ ಮಧ್ಯೆ ಎಂತ ಕಡುಬು?" ಎಂದರೆ ಪದ್ಮಕ್ಕ ನನ್ನನ್ನೇ ಗದರಿದರು. "ಪಾಪ, ಬೆವರು ಸುರೀತಿದೆ. ಹಾಗೇ ಕಳ್ಸೋಕಾಗ್ತದಾ?"

ಅತ್ತ ನರಸಿಂಹರಾಜಪುರದಲ್ಲಿ ಬ್ಯಾಂಡಿನವರು ಊದಿ ಊದಿ ಸುಸ್ತಾಗಿ ಕೂತರು. ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು.

ಸಂಘಟಕರಿಗೆ ಮಾತ್ರ ನಗು ಬರಲಿಲ್ಲ. ಸ್ಥಳೀಯರ ಅಡ್ಡಿಯಿಂದ ಓಟ ಕೆಟ್ಟಿತೆಂದು ಪತ್ರಕರ್ತರಿಗೆ ಹೇಳು, ಇಲ್ಲದಿದ್ದರೆ ಕೆಲಸ ಬಿಡು ಎಂದು ನಳಿನಕ್ಕನಿಗೆ ಹೇಳಿದರು. ಅವಳು ಪತ್ರಕರ್ತರಾದ ನಮ್ಮೆಲ್ಲರೆದುರು ಬಂದು ನಿಂತಳು. "ತಪ್ಪು ನಂದು. ಇಬ್ಬರಿಗೂ ಹೇಳಿದ್ದು ನಾನೇ. ಆ ಮನೆಯೋರ ಮರ್ಯಾದೆ ತೆಗೆಯೋಕೆ ನನ್ನಿಂದಾಗಲ್ಲ."

ಸಂಜೆಯೊಳಗೆ ಕೆಲಸ ಹೋಯಿತು. ಅವಳು ಬಸ್ ಹತ್ತುವಾಗ ನಾನು ಸಪ್ಪೆ ಮುಖ ಹಾಕಿಕೊಂಡು ಚೀಲ ಎತ್ತಿಕೊಟ್ಟೆ. ಅವಳೋ, "ಮುಖ ಯಾಕೆ ಹಾಗ್ ಮಾಡ್ತೀಯ? ಶ್ರೀಲಂಕಾದಲ್ಲಿ ಕ್ರಿಕೆಟ್‌ನೋರಿಗೆ ಜನ ಬೇಕಂತೆ, ಹೋಗ್ತೀನಿ," ಎಂದು ನಕ್ಕಳು. ಆಮೇಲೆ ನಾನು ಅವಳನ್ನು ನೋಡಿಲ್ಲ.

ಮರುವರ್ಷ ಓಟ ಮತ್ತೆ ಬಂತು. ಸೀತೂರಿನ ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಪದ್ಮಕ್ಕ ಬಾಗಿಲು ದಾಟಲಿಲ್ಲ.

"ನಳಿನನ್ನ ಕೆಲಸದಿಂದ ತೆಗೆದೋರ ಓಟ ನಮಗೆಂತಕ್ಕೆ?"

ತಡೆಯಲಾರದೆ ಅಲ್ಲಿಂದಲೇ ನಳಿನಕ್ಕನಿಗೆ ಫೋನ್ ಮಾಡಿ ವಿಷಯ ಹೇಳಿದೆ. ಅವಳು ಸರಿಯಾಗಿ ಬೈದಳು.

"ಥೂ ನಿಮ್ಮ! ಓಡೋ ಮಕ್ಕಳು ಎಂತ ಮಾಡಿದ್ವು? ಪದ್ಮಕ್ಕನ್ನ ಹೊರಗೆ ಬರೋಕೆ ಹೇಳು. ನಾನು ಹೇಳಿದೆ ಅನ್ನು."

ಹೇಳಿದೆ. ಪದ್ಮಕ್ಕ ಸೆರಗು ಸಿಕ್ಕಿಸಿಕೊಂಡು ಸರಸರನೆ ಅಂಗಳಕ್ಕಿಳಿದರು. ಪಕ್ಕದ ಮನೆಯ ಕಡೆ ತಿರುಗಿ ಕೂಗಿದರು:

"ಏ, ಬನ್ರೇ ಎಲ್ಲ! ನಳಿನ ಕರೀತಿದಾಳೆ!"