ಮಾರ್ಜಿನ್ ಬಿಟ್ಟು ಹೊಲಿದ ಕಾರು

ನಮ್ಮ ಮನೆಯಿಂದ ಬಸ್ ಡಿಪೋಗೆ ನಡೆದರೆ ಏಳು ನಿಮಿಷ. ಆ ಏಳು ನಿಮಿಷದ ದಾರಿಗಾಗಿ ನಾನು ಎರಡು ವರ್ಷ ಬೆವರು ಸುರಿಸಿ ಒಂದು ಕಾರು ಕಟ್ಟಿದೆ. ಅದೂ ಎಂಥ ಕಾರು! ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ, ಬಾಗಿಲು ಪಕ್ಕಕ್ಕೆ ತೆರೆಯದೆ ಆಕಾಶಕ್ಕೆ ತೆರೆಯುವ, ಭಾರೀ ಕುಳಗಳು ಮಾತ್ರ ಓಡಿಸುವ ಕೆಂಪು ಕಾರಿನ ನಕಲು. ನನ್ನ ಬುದ್ಧಿವಂತಿಕೆಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ.

ನನ್ನ ಕಸುಬು ಕಾರಿನ ಸೀಟುಗಳಿಗೆ ಕವರ್ ಹೊಲಿಯುವುದು. ಮೊದಲು ಅಂಗಿ, ಪ್ಯಾಂಟು ಹೊಲಿಯುತ್ತಿದ್ದೆ. ರೆಡಿಮೇಡ್ ಬಂದ ಮೇಲೆ ಮನುಷ್ಯರು ನನ್ನನ್ನು ಬಿಟ್ಟರು, ಸೀಟುಗಳು ಕೈ ಹಿಡಿದವು. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಸೀಟು ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಳ್ಳುವುದಿಲ್ಲ, ಆಮೇಲೆ ಬಂದು ಬಿಗಿಯಾಯಿತು ಎಂದು ಜಗಳವಾಡುವುದೂ ಇಲ್ಲ. ದಿನಕ್ಕೆ ಮೂರು ನಾಲ್ಕು ಕಾರುಗಳಲ್ಲಿ ಕೂತು ಏಳುವ ನಾನು ಮನೆಗೆ ಹೋಗುವುದು ಮಾತ್ರ ಸೈಕಲ್ಲಿನಲ್ಲಿ.

ಇನ್ನು ಅಕ್ಕ. ಅಮ್ಮ ತೀರಿಕೊಂಡಾಗ ನನಗೆ ಆರು ವರ್ಷ, ಅವಳಿಗೆ ಹದಿನಾಲ್ಕು. ನನ್ನನ್ನು ಸಾಕಿ ಬೆಳೆಸಿದವಳು ಅವಳೇ. ವರ್ಷಕ್ಕೊಂದು ಸಲ ದರ್ಜಿಯ ಅಂಗಡಿಗೆ ಕರೆದುಕೊಂಡು ಹೋಗಿ, "ಎರಡು ಬೆರಳು ಜಾಸ್ತಿ ಬಿಟ್ಟು ಹೊಲೀರಿ, ಬೆಳೆಯೋ ಹುಡುಗ" ಎನ್ನುತ್ತಿದ್ದಳು. ನಾನು ಬೆಳೆದು ಆ ಅಂಗಿಗೆ ಸರಿಯಾಗುವಷ್ಟರಲ್ಲಿ ಅಂಗಿ ಹರಿದಿರುತ್ತಿತ್ತು. ಹೀಗೆ ಹದಿನೈದು ವರ್ಷ ನಾನು ಬೇರೆ ಯಾರದೋ ಅಂಗಿ ಕದ್ದು ತೊಟ್ಟವನಂತೆ ಓಡಾಡಿದೆ. ಆಮೇಲೆ ನಾನೇ ದರ್ಜಿಯಾದೆ. ಆದರೂ ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಕತ್ತರಿ ಹಿಡಿದರೆ ಸಾಕು, ಹೊಲಿಗೆಗೆಂದು ಎರಡು ಬೆರಳು ಮಾರ್ಜಿನ್ ಬಿಡದೆ ನನ್ನ ಕೈ ಮುಂದಕ್ಕೆ ಹೋಗುವುದಿಲ್ಲ.

ಅಕ್ಕ ಬಸ್ ಕಂಡಕ್ಟರ್ ಆದಳು. ಮೂವತ್ತೊಂದು ವರ್ಷ ಟಿಕೆಟ್ ಹರಿದಳು. ಅವಳಿಗೆ ಮದುವೆಯ ಯೋಚನೆ ಬರುವಷ್ಟರಲ್ಲಿ ನನ್ನ ಮದುವೆ ಮುಗಿದಿತ್ತು. ಈಗ ನಮ್ಮ ಮನೆಯ ಹಿಂದಿನ ಕೋಣೆ ಅವಳದು. ಹೊತ್ತು ಮೂಡುವ ಮುಂಚೆ ಎದ್ದು ಹೋಗುವವಳು ಸಂಜೆ ಬಂದು ಕಾಲನ್ನು ಬಿಸಿನೀರಿನಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು. ನನ್ನ ಹತ್ತಿರ ಅವಳು ಇಷ್ಟು ವರ್ಷದಲ್ಲಿ ಏನನ್ನೂ ಕೇಳಿದವಳಲ್ಲ.

ಎರಡು ವರ್ಷದ ಹಿಂದೆ ನನ್ನ ಅಂಗಡಿಯ ಮುಂದೆ ಆ ಕೆಂಪು ಕಾರು ಬಂದು ನಿಂತಿತು. ಸೀಟಿನ ಹೊಲಿಗೆ ಬಿಚ್ಚಿಕೊಂಡಿದೆ, ಸಂಜೆಗೆ ಬೇಕು ಎಂದು ಕೀಲಿ ಕೊಟ್ಟು ಯಜಮಾನ ಹೊರಟುಹೋದ. ಹೊಲಿಗೆಯ ಕೆಲಸ ಮುಗಿದದ್ದು ಅರ್ಧ ಗಂಟೆಯಲ್ಲಿ. ಉಳಿದ ಹೊತ್ತೆಲ್ಲ ನಾನು ಟೇಪು ಹಿಡಿದು ಅದರ ಸುತ್ತ ಸುತ್ತಿದೆ, ಕೆಳಗೆ ಮಲಗಿದೆ, ಮೇಲೆ ಬಗ್ಗಿದೆ. ಆರ್ಡರ್ ಪುಸ್ತಕದಲ್ಲಿ ಅಳತೆ ಬರೆದುಕೊಂಡೆ: ಎದೆ ಇಷ್ಟು, ಸೊಂಟ ಇಷ್ಟು, ಭುಜ ಇಷ್ಟು, ಪೂರ್ತಿ ಉದ್ದ ಇಷ್ಟು. ಕಾರಿಗೆ ಸೊಂಟ ಎಲ್ಲಿರುತ್ತದೆ ಎಂದು ಕೇಳಬೇಡಿ. ನನಗೆ ಕಂಡಿತು, ಬರೆದೆ.

ಅವತ್ತು ಸಂಜೆ ಅಕ್ಕ ಕಾಲು ನೀರಿನಲ್ಲಿಟ್ಟುಕೊಂಡು ಹೇಳಿದಳು, "ಇನ್ನೆರಡು ವರ್ಷಕ್ಕೆ ರಿಟೈರ್ ಆಗ್ತೀನಿ ಕಣೋ. ಕೊನೇ ದಿನ ಡಿಪೋದಿಂದ ಮನೆಗೆ ಕೂತ್ಕೊಂಡು ಬರ್ಬೇಕು ಅಂತ ಆಸೆ."

ಬುದ್ಧಿ ಇದ್ದವನಾಗಿದ್ದರೆ "ಆಟೋ ತರ್ತೀನಿ ಬಿಡಕ್ಕ" ಎನ್ನುತ್ತಿದ್ದ. ಆದರೆ ನನ್ನ ಬೆರಳಲ್ಲಿ ಇನ್ನೂ ಆ ಕೆಂಪು ಬಣ್ಣದ ನುಣುಪು ಇತ್ತು. "ನಾನೇ ಕಾರು ಮಾಡ್ತೀನಿ. ಅದರಲ್ಲೇ ಕರ್ಕೊಂಡು ಬರ್ತೀನಿ" ಎಂದುಬಿಟ್ಟೆ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ಹಿರಿಯರು ಹೇಳಿದ್ದು ನನ್ನಂಥವರನ್ನು ನೋಡಿಯೇ ಇರಬೇಕು. ಮಾರನೆಯ ದಿನ ಬೆಳಿಗ್ಗೆ ಹತ್ತರೊಳಗೆ ಅಕ್ಕ ಅದನ್ನು ಇಡೀ ಡಿಪೋಗೆ ಸಾರಿಬಿಟ್ಟಿದ್ದಳು.

ಗುಜರಿಯಿಂದ ಒಂದು ಹಳೆಯ ಪುಟ್ಟ ಕಾರನ್ನು ತಂದೆ. ಅದರ ಮೈ ತುಕ್ಕು ಹಿಡಿದು ಪುಡಿಯಾಗುತ್ತಿತ್ತು, ಎಂಜಿನ್ನು ಚಕ್ರಗಳು ಮಾತ್ರ ಜೀವ ಹಿಡಿದುಕೊಂಡಿದ್ದವು. ಹಳೆಯ ಮೈಯನ್ನು ಕಿತ್ತುಹಾಕಿ, ಅಂಗಳದಲ್ಲಿ ಶೀಟು ಹೊದಿಸಿ ಕೆಲಸ ಶುರು ಮಾಡಿದೆ. ನನ್ನವಳು ಬಟ್ಟೆ ಒಣಹಾಕುವ ಹಗ್ಗ ಕಟ್ಟುತ್ತಿದ್ದದ್ದು ಅಲ್ಲೇ. ಅವಳು ಹಗ್ಗವನ್ನು ಬಿಚ್ಚಲಿಲ್ಲ. ಹಾಗಾಗಿ ಎರಡು ವರ್ಷ ನಾನು ಒದ್ದೆ ಪಂಚೆ, ಟವೆಲ್ಲುಗಳ ನಡುವೆ ತಲೆ ತೂರಿಸಿಕೊಂಡೇ ಕೆಲಸ ಮಾಡಿದೆ. ಕೊನೆಯ ದಿನದವರೆಗೆ ಕಾರನ್ನು ನೋಡಕೂಡದು ಎಂದು ಅಕ್ಕನಿಂದ ಆಣೆ ಹಾಕಿಸಿದ್ದೆ, ಅವಳು ಹಿತ್ತಿಲ ಬಾಗಿಲಲ್ಲೇ ಓಡಾಡಿದಳು.

ನನಗೆ ಗೊತ್ತಿದ್ದ ವಿದ್ಯೆ ಒಂದೇ. ಖಾಕಿ ಕಾಗದದ ಮೇಲೆ ಕಾರಿನ ಒಂದೊಂದು ಭಾಗವನ್ನೂ ಸೀಮೆಸುಣ್ಣದಲ್ಲಿ ಬರೆದು ಕತ್ತರಿಸಿದೆ. ಆ ಕಾಗದವಿಟ್ಟು ತಗಡು ಕತ್ತರಿಸಿದೆ. ಬೆಸೆಯುವುದಕ್ಕೆ ಬೀದಿಯ ತುದಿಯ ವೆಲ್ಡರ್ ಭಾನುವಾರ ಬರುತ್ತಿದ್ದ. ಅವನು ಬಾಯಿ ಬಿಟ್ಟರೆ ಮುತ್ತು ಉದುರುತ್ತದೆ ಎಂದುಕೊಂಡವನು. ಕನ್ನಡಕ ಇಳಿಸಿಕೊಂಡು, ನಾನು ಕೊಟ್ಟ ತಗಡನ್ನು ನಾನು ಹೇಳಿದ ತಗಡಿಗೆ ಬೆಸೆದು, ಟೀ ಕುಡಿದು ಹೋಗುತ್ತಿದ್ದ.

ಅಕ್ಕನ ಕೊನೆಯ ದಿನಕ್ಕೆ ಮೂರು ವಾರ ಇರುವಾಗ, ಬೆಸೆದು ಮುಗಿದ ಮೈಯನ್ನು ಎತ್ತಿ ಹಳೆಯ ಚಕ್ರಗಳ ಮೇಲೆ ಕೂರಿಸಿದೆವು. ನಾನು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದೆ. ಚಕ್ರಗಳೇ ಕಾಣಲಿಲ್ಲ. ಎಲ್ಲೋ ಒಳಗೆ, ಕತ್ತಲಲ್ಲಿ, ಅವು ಅವಿತು ಕೂತಿದ್ದವು.

ನನ್ನವಳು ಬಕೆಟ್ಟು ಹಿಡಿದು ಬಂದವಳು ನಿಂತಳು. "ರೀ, ಇದ್ಯಾಕೆ ಅಪ್ಪನ ಪ್ಯಾಂಟ್ ಹಾಕ್ಕೊಂಡ ಮಗು ಥರ ಕಾಣುತ್ತೆ?"

ಟೇಪು ತೆಗೆದು ಅಳೆದೆ. ಅಗಲಕ್ಕೆ ಒಂದು ಅಡಿ ಜಾಸ್ತಿ. ಎತ್ತರಕ್ಕೆ ಅರ್ಧ ಅಡಿ ಜಾಸ್ತಿ. ಪುಸ್ತಕ ತೆಗೆದು ನೋಡಿದೆ, ಅಳತೆ ಸರಿಯಾಗಿತ್ತು. ಆಮೇಲೆ ಖಾಕಿ ಕಾಗದ ತೆಗೆದು ನೋಡಿದೆ. ಒಂದೊಂದು ಭಾಗಕ್ಕೂ, ಸುತ್ತಲೂ, ಅಚ್ಚುಕಟ್ಟಾಗಿ, ಎರಡು ಬೆರಳು ಮಾರ್ಜಿನ್.

ಬಟ್ಟೆಯಲ್ಲಾದರೆ ಮಾರ್ಜಿನ್ ಒಳಕ್ಕೆ ಮಡಚಿಕೊಂಡು ಹೋಗುತ್ತದೆ. ತಗಡನ್ನು ಅಂಚಿಗೆ ಅಂಚು ಕೂಡಿಸಿ ಬೆಸೆಯುತ್ತಾರೆ, ಅದು ಎಲ್ಲಿಗೂ ಹೋಗುವುದಿಲ್ಲ. ಮೂವತ್ತು ವರ್ಷ ಕಸುಬು ಮಾಡಿದವನಿಗೆ ಇದು ಹೊಳೆಯಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದೆ.

ವೆಲ್ಡರ್ ಕನ್ನಡಕ ಮೇಲೇರಿಸಿದ. "ಅಣ್ಣಾ, ನನಗೆ ಆರು ತಿಂಗಳ ಹಿಂದೇನೇ ಅನುಮಾನ ಬಂದಿತ್ತು."

"ಮತ್ತೆ ಹೇಳ್ಬಾರ್ದಿತ್ತೇನಯ್ಯಾ?"

"ಟೇಪು ನಿಮ್ಮ ಕುತ್ತಿಗೆಯಲ್ಲಿತ್ತಲ್ಲಾ!"

ಕತ್ತರಿಸಿ ಮತ್ತೆ ಬೆಸೆಯುವುದಕ್ಕೆ ಎರಡು ತಿಂಗಳಾದರೂ ಬೇಕು ಎಂದ. ಮುಂದಿನ ಗಾಜನ್ನು ನಾನು ಸರಿಯಾದ ಅಳತೆಗೇ ಮಾಡಿಸಿ ತಂದಿದ್ದೆ, ಮಾರ್ಜಿನ್ ಬಿಡದೆ. ಹಾಗಾಗಿ ಅದು ಆ ಬಾಯಿಗೆ ಹತ್ತಲೇ ಇಲ್ಲ. ಬಾಗಿಲಿಗೆ ಮಾಡಿಸಿದ್ದ ಕೀಲುಗಳೂ ದೊಡ್ಡದಾದ ಬಾಗಿಲಿನ ಭಾರ ತಡೆಯಲಿಲ್ಲ, ಮೇಲೆತ್ತಿದರೆ ಪೊರಕೆ ಕೋಲು ಕೊಟ್ಟು ನಿಲ್ಲಿಸಬೇಕಾಯಿತು.

ಬೇರೆ ದಾರಿ ಕಾಣದೆ ಅಕ್ಕನ ಕೋಣೆಗೆ ಹೋದೆ. ಎಂಜಿನ್ ಕೈಕೊಟ್ಟಿತು, ಬಾಡಿಗೆ ಕಾರು ತರುತ್ತೇನೆ ಎಂದು ಸುಳ್ಳು ಹೇಳುವುದು ಎಂದು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡು ಹೋದೆ. ಅವಳು ಮೇಜಿಗೆ ಆನಿಕೊಂಡು ಯೂನಿಫಾರ್ಮ್ ಇಸ್ತ್ರಿ ಮಾಡುತ್ತಿದ್ದಳು.

"ಡಿಪೋದಲ್ಲಿ ಆ ಮೀಸೆ ಡ್ರೈವರ್ ಇದ್ದಾನಲ್ಲ, ಅವನು ನಂಬೋದೇ ಇಲ್ಲ ಕಣೋ" ಎಂದಳು. "ನಿನ್ನ ತಮ್ಮ ಸೀಟು ಹೊಲೀತಾನೆ, ಕಾರು ಹೊಲಿಯೋಕಾಗುತ್ತಾ ಅಂತಾನೆ. ನೋಡ್ತಾ ಇರು ಅಂದಿದ್ದೀನಿ."

"ಅಕ್ಕ, ಕಾರು ಒಂದು ವೇಳೆ..."

"ನನಗೆ ಕಾರೇ ಆಗ್ಬೇಕು ಅಂತಿಲ್ಲ. ಆದರೆ ಮೂವತ್ತೊಂದು ವರ್ಷ ನಾನು ಊರವರಿಗೆಲ್ಲ ಸೀಟು ತೋರಿಸಿದ್ದೀನಿ. ನನಗೊಂದು ಸೀಟು ಇದೆ ಅಂತ ಅವತ್ತೊಂದು ದಿನ ಅವರೆಲ್ಲ ನೋಡ್ಲಿ."

ಇಸ್ತ್ರಿಪೆಟ್ಟಿಗೆ ಇಟ್ಟು ಅವಳು ಸ್ಟೂಲಿನ ಮೇಲೆ ಕೂತಳು. ಕೂರುವ ಮುಂಚೆ ಎಡಗೈಯಲ್ಲಿ ಮೇಜು ಹಿಡಿದಳು, ಬಲಗೈಯಲ್ಲಿ ಮೊಣಕಾಲು ಹಿಡಿದಳು. ಎಡಗಾಲು ಮಡಚಲೇ ಇಲ್ಲ. ದಿನಾ ನೋಡುತ್ತಿದ್ದದ್ದೇ, ಅವತ್ತು ಕಣ್ಣಿಗೆ ಬಿತ್ತು. ನನ್ನ ಕಾರಿನ ಸೀಟು ನೆಲದಿಂದ ಒಂದೂವರೆ ಗೇಣು. ಊರಿನ ಸೀಟುಗಳನ್ನೆಲ್ಲ ಅಳೆದವನು, ಕೂರಬೇಕಾದವಳ ಅಳತೆಯನ್ನೇ ತೆಗೆದಿರಲಿಲ್ಲ. ಜನ ನಗುವುದು ಒತ್ತಟ್ಟಿಗಿರಲಿ, ಜನರ ಮುಂದೆ ಅಕ್ಕ ಬಾಗಿಲಲ್ಲಿ ಸಿಕ್ಕಿಕೊಂಡರೆ? ಸುಳ್ಳು ಹೇಳುವ ಧೈರ್ಯವೂ ಬರಲಿಲ್ಲ, ನಿಜ ಹೇಳುವ ಧೈರ್ಯವೂ ಬರಲಿಲ್ಲ. "ಇಸ್ತ್ರಿ ಚೆನ್ನಾಗಿ ಬಂದಿದೆ" ಎಂದು ಹೇಳಿ ಹೊರಗೆ ಬಂದೆ.

ಆ ದಿನ ಬಂತು. ಗೇಟಿನ ಒಂದು ಕಂಬ ಕೆಡವಿ ಕಾರನ್ನು ಹೊರಗೆ ತಂದೆವು. ಬಣ್ಣ ಮಾತ್ರ ಹೇಳಿ ಮಾಡಿಸಿದ ಕೆಂಪು. ಮುಂದಿನ ಗಾಜಿಲ್ಲ, ಚಕ್ರ ಕಾಣುವುದಿಲ್ಲ, ಎಂಜಿನ್ನಿನ ಸದ್ದು ಹಿಟ್ಟಿನ ಗಿರಣಿಯದು. ನಡೆದರೆ ಏಳು ನಿಮಿಷದ ದಾರಿಗೆ ನಾನು ಹದಿನೈದು ನಿಮಿಷ ತೆಗೆದುಕೊಂಡೆ. ಒಬ್ಬ ಮುದುಕ ಕೈಚೀಲ ಹಿಡಿದು ನನ್ನನ್ನು ಹಿಂದೆ ಹಾಕಿದ.

ಡಿಪೋದ ಅಂಗಳದಲ್ಲಿ ಅಕ್ಕನ ಕೊನೆಯ ಬಸ್ಸು ಆಗಷ್ಟೇ ಬಂದು ನಿಂತಿತ್ತು. ಡ್ರೈವರುಗಳು, ಕಂಡಕ್ಟರುಗಳು, ಬಸ್ ತೊಳೆಯುವವರು ಎಲ್ಲ ಸುತ್ತ ನೆರೆದರು. ಮೀಸೆ ಡ್ರೈವರ್ ಒಂದು ಸುತ್ತು ಬಂದು ಕೇಳಿದ, "ಅಲ್ಲಾ ಸ್ವಾಮೀ, ಈ ಕಾರಿಗೆ ಎಷ್ಟನೇ ತಿಂಗಳು?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಇಂಗು ತಿಂದ ಮಂಗನ ಹಾಗೆ ನಿಂತೆ. ಅಕ್ಕ ನಗಲಿಲ್ಲ. ಟಿಕೆಟ್ ಚೀಲವನ್ನು ಹೆಗಲಿಗೆ ಏರಿಸಿಕೊಂಡು ಕಾರನ್ನು ಮೂತಿಯಿಂದ ಬಾಲದವರೆಗೆ ನೋಡಿದಳು. ಅವಳ ಕಿವಿ ಕೆಂಪಗಾಗಿತ್ತು. ಆ ಕೆಂಪು ನನ್ನಿಂದ ಬಂದದ್ದು ಎಂದು ಗೊತ್ತಾಗಿ ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ಏನೋ ಇದು?" ಎಂದಳು ಮೆಲ್ಲಗೆ.

"ತಪ್ಪಾಯ್ತು ಅಕ್ಕ. ಅಳತೆ ಸರಿಯಾಗಿಯೇ ತಗೊಂಡಿದ್ದೆ. ಮಾರ್ಜಿನ್ ಬಿಟ್ಟುಬಿಟ್ಟೆ."

"ಎಷ್ಟು?"

"ಪ್ರತಿಯೊಂದಕ್ಕೂ ಎರಡು ಬೆರಳು."

ಅಕ್ಕ ನನ್ನ ಮುಖವನ್ನೇ ನೋಡಿದಳು. ಆಮೇಲೆ, "ಬಾಗಿಲು ತೆಗಿ" ಎಂದಳು.

ಬಾಗಿಲೆತ್ತಿ ಪೊರಕೆ ಕೋಲು ಕೊಟ್ಟೆ. ಅವಳು ಹಿಂದಕ್ಕೆ ತಿರುಗಿದಳು, ಕಾರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಳು, ಮೈಯನ್ನು ಮೆಲ್ಲಗೆ ಇಳಿಬಿಟ್ಟಳು. ತಲೆ ಮೇಲೆ ತಾಗಬೇಕಾಗಿತ್ತು, ತಾಗಲಿಲ್ಲ. ಸೊಂಟ ಬಾಗಿಲಲ್ಲಿ ಸಿಕ್ಕಬೇಕಾಗಿತ್ತು, ಸಿಕ್ಕಲಿಲ್ಲ. ಮಡಚದ ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟುಕೊಂಡಳು. ಆ ಕಾಲು ನೀಟಾಗಿ ಚಾಚಿಕೊಳ್ಳುವಷ್ಟು ಜಾಗ ಅಲ್ಲಿತ್ತು. ಅಸಲಿ ಕಾರಾಗಿದ್ದರೆ ಖಂಡಿತ ಇರುತ್ತಿರಲಿಲ್ಲ. ಅದರೊಳಗೆ ಒಂದು ದಿನವಿಡೀ ತೂರಿಕೊಂಡಿದ್ದ ನನಗೆ ಗೊತ್ತು.

ಅಕ್ಕ ಬೆನ್ನು ಆನಿಸಿ ಕೂತಳು. ಸೀಟನ್ನು ಅಂಗೈಯಲ್ಲಿ ಸವರಿದಳು. ಅದೊಂದನ್ನು ಮಾತ್ರ ನಾನು ಚೆನ್ನಾಗಿ ಹೊಲಿದಿದ್ದೆ.

"ಅಳತೆ ಸರಿಯಾಗಿದೆ ಕಣೋ" ಎಂದಳು, ಎಲ್ಲರಿಗೂ ಕೇಳುವ ಹಾಗೆ. "ನೀನು ಬೆಳೀತೀಯ ಅಂತ ಆ ಎರಡು ಬೆರಳು ನಾನು ಬಿಡಿಸ್ತಿದ್ದೆ. ನೋಡು, ನಾನೇ ಬೆಳೆದುಬಿಟ್ಟೆ."

ಮೀಸೆ ಡ್ರೈವರ್ ತಾನೇ ಮುಂದೆ ಬಂದು ಪೊರಕೆ ಕೋಲು ತೆಗೆದು ಬಾಗಿಲು ಇಳಿಸಿದ. ನಾನು ಸ್ಟಿಯರಿಂಗ್ ಹಿಡಿದೆ. ಅಕ್ಕ ಮೂವತ್ತೊಂದು ವರ್ಷದ ಅಭ್ಯಾಸಬಲದಿಂದ ಕೈ ಹೊರಗೆ ಹಾಕಿ ಬಾಗಿಲಿಗೆ ಎರಡು ಸಲ ಗುದ್ದಿ, "ರೈಟ್, ರೈಟ್!" ಎಂದು ಕೂಗಿದಳು. ಎರಡನೆಯ ಗುದ್ದಿಗೆ ಬಾಗಿಲು ಕಳಚಿ ಕೆಳಗೆ ಬಿತ್ತು.

ಈ ಸಲ ಮೊದಲು ನಕ್ಕವಳು ಅಕ್ಕ. ಬಾಗಿಲನ್ನು ಎತ್ತಿ ಅವಳ ತೊಡೆಯ ಮೇಲೆ ಇಟ್ಟರು. ಅದನ್ನು ತಬ್ಬಿಕೊಂಡು, ಟಿಕೆಟ್ ಚೀಲ ಅದರ ಮೇಲಿಟ್ಟುಕೊಂಡು, ಅವಳು ಬೀದಿಯುದ್ದಕ್ಕೂ ಅಂಗಡಿಯವರಿಗೆ ಕೈ ಬೀಸಿದಳು. ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಅವಳು ಕೇಳಿದಾಗ ಧೂಳು ಎಂದೆ. ಮುಂದಿನ ಗಾಜು ಇರಲಿಲ್ಲವಲ್ಲ, ಅವಳು ನಂಬಿದಳು, ಅಥವಾ ನಂಬಿದ ಹಾಗೆ ಮಾಡಿದಳು.

ಮನೆ ಬಂತು. ನನ್ನವಳು ಕೆಡವಿದ ಕಂಬದ ಪಕ್ಕ ನಿಂತು ಕಾಯುತ್ತಿದ್ದಳು. ನಾನು ಕಾರು ನಿಲ್ಲಿಸಿ ಅಕ್ಕನ ಕಡೆ ತಿರುಗಿದೆ. ಸ್ಟಾಪ್ ಬಂದರೂ ಇಳಿಯದೆ ಕೂತವರನ್ನು ಬಾಯಿಗೆ ಬಂದಂತೆ ಬೈದು ಇಳಿಸುತ್ತಿದ್ದ ನಮ್ಮಕ್ಕ, ಬಾಗಿಲನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡು ಮುಂದೆ ನೋಡುತ್ತಾ ಕೂತಿದ್ದಳು.

"ಇಳಿಯಲ್ವಾ ಅಕ್ಕ?"

"ಇನ್ನೊಂದು ಟ್ರಿಪ್ ಹೋಗೋ" ಎಂದಳು.

ನಾನು ಕಾರನ್ನು ಮತ್ತೆ ಡಿಪೋ ಕಡೆಗೆ ತಿರುಗಿಸಿದೆ.