ಇತಿಹಾಸವುಳ್ಳ ಕ್ಲಬ್ಬಿಗೆ ಗೋಲ್‌ಕೀಪರ್ ಬೇಕಾಗಿದ್ದಾನೆ

ನಮ್ಮ ಫುಟ್‌ಬಾಲ್ ಕ್ಲಬ್ಬಿನಲ್ಲಿ ಇಲ್ಲದ್ದು ಒಂದೇ, ಆಟಗಾರರು. ಉಳಿದದ್ದೆಲ್ಲ ಭರ್ಜರಿಯಾಗಿದೆ: ಅಧ್ಯಕ್ಷರು, ಗೌರವಾಧ್ಯಕ್ಷರು, ಮಾಜಿ ಅಧ್ಯಕ್ಷರ ಸಲಹಾ ಸಮಿತಿ, ಕಾರ್ಯದರ್ಶಿಯಾಗಿ ನಾನು. ಬೊಂಬಾಯಿಯ ಹೋಟೆಲುಗಳಲ್ಲಿ ದುಡಿದು ಬಂದ ಹಿರಿಯರು ನಮ್ಮೂರು ನಾವುಂದದಲ್ಲಿ ಕಟ್ಟಿದ ಕ್ಲಬ್ಬಿದು. ಹಿಂದೆ ಇಲ್ಲಿ ಆಡಬೇಕಾದರೆ ವಶೀಲಿ ಬೇಕಿತ್ತಂತೆ. ಈಗ ಹುಡುಗರು ನಮ್ಮನ್ನು ಕಂಡರೆ, ವಿಮೆ ಏಜೆಂಟರನ್ನು ಕಂಡ ಹಾಗೆ ಬೈಕು ತಿರುಗಿಸುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ನೆಲ ನೆಟ್ಟಗೇ ಇದೆ, ಕುಣಿಯುವವರಿಲ್ಲ.

ಆ ನೆಲಕ್ಕೂ ಈ ಸಲ ಕುತ್ತು ಬಂತು. ಮೈದಾನದ ಜಾಗ ಊರಿನ ಧಣಿಗಳೊಬ್ಬರದು. ಅಲ್ಲಿ ಆದಿತ್ಯವಾರ ನಡೆಯುವ ಪಂದ್ಯಾಟಕ್ಕೆ ನಾವು ತಂಡ ಇಳಿಸದಿದ್ದರೆ ಮುಂದಕ್ಕೆ ಮೈದಾನ ಕ್ರಿಕೆಟ್‌ನವರಿಗೆ ಎಂದುಬಿಟ್ಟರು. ಕೈಕಾಲು ಹಿಡಿದು ಹತ್ತು ಜನರನ್ನು ಒಟ್ಟು ಮಾಡಿದೆ. ಗೋಲ್‌ಕೀಪರ್ ಒಬ್ಬ ಬೇಕಿತ್ತು. ಕೊಕ್ಕರ್ಣೆಯ ಪ್ರದೀಪ ಎಂಬವ "ಬಂದ್ ಕಾಂತೆ" ಎಂದ. ಬಂದು ನೋಡುತ್ತೇನೆ ಎಂದರೂ ನಮಗೆ ಅಷ್ಟೇ ಸಾಕಿತ್ತು.

ಬಂದವನನ್ನು ಸುಮ್ಮನೆ ಆಡಲು ಬಿಡುವುದುಂಟೇ? ವೇದಿಕೆ, ಶಾಲು, ಹಣ್ಣಿನ ಬುಟ್ಟಿ ಇಲ್ಲದೆ ನಮ್ಮಲ್ಲಿ ಯಾವ ಒಳ್ಳೆಯ ಕೆಲಸವೂ ಶುರುವಾಗದು. ಬೇರೆಯವರು ನಿವೃತ್ತಿಯಾದವರಿಗೆ ಮಾಡುವ ಸನ್ಮಾನವನ್ನು ನಾವು ಆಟಗಾರ ಸೇರುವ ಮೊದಲೇ ಮಾಡಿ ಮುಗಿಸುತ್ತೇವೆ. ಬೂಟು ಕಟ್ಟಿಕೊಂಡೇ ಬಂದಿದ್ದ ಪ್ರದೀಪನನ್ನು ಕುರ್ಚಿಯಲ್ಲಿ ಕೂರಿಸಿ, ತಲೆಗೆ ಪೇಟ ತೊಡಿಸಿ, ಮಡಿಲಿಗೆ ಹಣ್ಣು ತುಂಬಿದೆವು. ಪಾಪ, ಸೀಮಂತಕ್ಕೆ ಕೂತವರ ಹಾಗೆ ಕೂತಿದ್ದ.

ಆಮೇಲೆ ಅಧ್ಯಕ್ಷ ಶೀನಣ್ಣ ಮೈಕು ಹಿಡಿದರು. ಎಪ್ಪತ್ತು ದಾಟಿದರೂ, ಪ್ರಾಯದಲ್ಲಿ ತಾವು ಹೊಡೆದ ಒಂದು ಗೋಲಿನ ಕತೆಯನ್ನು ಚೂರೂ ಬಿಡದೆ ಹೇಳಬಲ್ಲರು. ಚೆಂಡು ಅವರ ಕಾಲು ಬಿಟ್ಟು ಬಲೆ ಸೇರುವಷ್ಟರಲ್ಲಿ ಹೊತ್ತು ಮುಳುಗಿತು.

"ಅಣ್ಣ, ಆಡುದ್ ಯಾವಾಗ?" ಪ್ರದೀಪ ನನ್ನ ಕಿವಿಯಲ್ಲಿ ಕೇಳಿದ.

"ಗಡಿಬಿಡಿ ಎಂತಕ್ಕ್ ಮಾರಾಯಾ? ಇನ್ನೂ ಗೌರವಾಧ್ಯಕ್ಷರ ಮಾತ್ ಇತ್ತ್" ಎಂದೆ ನಾನೆಂಬ ಬುದ್ಧಿವಂತ.

ಮರುದಿನ ಅವನ ಫೋನು ಬಂತು. ಬ್ರಹ್ಮಾವರದಲ್ಲಿ ಮೊನ್ನೆ ಮೊನ್ನೆ ಹುಟ್ಟಿದ ಕ್ಲಬ್ಬೊಂದಕ್ಕೆ ಸೇರಿದ್ದನಂತೆ. ನನಗೆ ಹೊಟ್ಟೆ ಉರಿದುಹೋಯಿತು.

"ಅವ್ರತ್ರ ಅಂಥದ್ ಎಂತ ಇತ್ತ್ ಮಾರಾಯಾ?"

"ಎಂತದೂ ಇಲ್ಲೆ ಅಣ್ಣ. ಹೋದ್ ಕೂಡ್ಲೆ ಆಡೂಕ್ ಬಿಟ್ರ್."

ಸುದ್ದಿ ಹಬ್ಬಿದ್ದೇ ತಡ, ಉಳಿದ ಹತ್ತು ಜನರಿಗೂ ಒಮ್ಮೆಲೇ ಜ್ವರ, ಮದುವೆ, ಅತ್ತೆಮನೆ ಎಲ್ಲ ನೆನಪಾದವು. ಮೈದಾನ ಕೈತಪ್ಪಿತು. ಆದಿತ್ಯವಾರ ನಾವು ಪದಾಧಿಕಾರಿಗಳು ಗೆರೆಯಾಚೆ ಕುರ್ಚಿ ಹಾಕಿಕೊಂಡು, ಇನ್ನು ನಮ್ಮದಲ್ಲದ ಅದೇ ಮೈದಾನದಲ್ಲಿ, ಪಂದ್ಯಾಟಕ್ಕೆ ಬಂದ ಬ್ರಹ್ಮಾವರದವರ ಆಟ ನೋಡಿದೆವು. ಸಂಕಟವಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಆಟದ ನಡುವೆ ಚೆಂಡು ಉರುಳಿ ಬಂದು ಶೀನಣ್ಣನ ಕುರ್ಚಿಗೆ ತಾಗಿತು. ಎತ್ತಿ ಕೊಡುತ್ತಾರೆ ಅಂದುಕೊಂಡೆ. ಅವರು ಎದ್ದು, ಪಂಚೆ ಮೇಲೆ ಕಟ್ಟಿ, ಒದ್ದೇಬಿಟ್ಟರು. ಅಬ್ಬಾ! ಚೆಂಡು ಸೀದಾ ಹಾರಿ ಗೋಲಿನ ಎದುರು ನಿಂತಿದ್ದ ಪ್ರದೀಪನ ಕೈಸೇರಿತು.

ಅವನು ಚೆಂಡನ್ನು ಎದೆಗವಚಿಕೊಂಡು ಅಲ್ಲಿಂದಲೇ ಕೂಗಿದ: "ಹ್ವಾಯ್ ಅಜ್ಜ, ಅವತ್ತ್ ಮಾತ್ ಬಿಟ್ಟ್ ಹೀಂಗ್ ಒಂದ್ ಸಲ ಒದ್ದಿದ್ರೆ ನಾ ಇಲ್ಲೇ ಉಳಿತಿದ್ದೆ!"