ಗೇಟು ದಾಟದ ಡ್ರೈವರ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸರಕು ಸಾಗಣೆ ಕಂಪನಿಯ ಅಂಗಳದಲ್ಲಿ ಉದ್ದನೆಯ ಲಾರಿಯೊಂದು ಗೋದಾಮಿನ ಕಟ್ಟೆಯ ಕಡೆಗೆ ಹಿಂದಕ್ಕೆ ಬರುತ್ತಿದೆ. ಕಟ್ಟೆ ಇನ್ನೆರಡು ಮಾರು ದೂರ ಇದೆ ಎನ್ನುವಾಗ ಲಾರಿ ನಿಲ್ಲುತ್ತದೆ. ಡ್ರೈವರ್ ಕೆಳಗಿಳಿಯುತ್ತಾರೆ. ಹಿಂಬದಿಗೆ ನಡೆದುಹೋಗಿ, ಮಂಡಿಯೂರಿ ಚಕ್ರಗಳ ಸಂದಿಯಲ್ಲಿ ಇಣುಕಿ, ಇನ್ನೊಂದು ಪಕ್ಕದಿಂದ ಸುತ್ತಿ ಬಂದು ಮತ್ತೆ ಹತ್ತುತ್ತಾರೆ. ಲಾರಿ ಒಂದಿಷ್ಟು ಸರಿಯುತ್ತದೆ, ನಿಲ್ಲುತ್ತದೆ. ಮತ್ತೆ ಇಳಿಯುತ್ತಾರೆ.

“ಏನಪ್ಪಾ, ಲಾರಿಗೆ ಅಂಗಿ ಹೊಲಿಸೋಕೆ ಅಳತೆ ತಗೋತಿದ್ದೀಯಾ?” ಕಟ್ಟೆಯ ಮೇಲಿಂದ ಒಬ್ಬ ಕೂಗುತ್ತಾನೆ.

“ತೋಳು ಸ್ವಲ್ಪ ಉದ್ದ ಇಡಿಸು!” ಎನ್ನುತ್ತಾನೆ ಮತ್ತೊಬ್ಬ.

ಡ್ರೈವರ್ ನಗುವುದೂ ಇಲ್ಲ, ಸಿಟ್ಟಾಗುವುದೂ ಇಲ್ಲ. ಲಾರಿಯ ಬೆನ್ನು ಕಟ್ಟೆಯ ರಬ್ಬರಿಗೆ ತಾಗಿ ನಿಂತ ಮೇಲೆ ಎಂಜಿನ್ ಆರಿಸಿ, ಬೀಗದಕೈಯನ್ನು ಮೊಳೆಗೆ ತಗುಲಿಹಾಕಿ, ಮುಂದಿನ ಲಾರಿಯತ್ತ ನಡೆಯುತ್ತಾರೆ. ಅಂಗಳದವರು ಇವರಿಗೆ ಇಟ್ಟಿರುವ ಹೆಸರು ಇಳಿಯಪ್ಪ. ಲಾರಿ ಓಡಿಸಿದ್ದಕ್ಕಿಂತ ಇಳಿದದ್ದೇ ಹೆಚ್ಚಂತೆ.

ರಾತ್ರಿಯೆಲ್ಲ ಓಡಿಸಿ ಬಂದ ಡ್ರೈವರುಗಳು ಗೇಟಿನ ಬಳಿ ಬೀಗದಕೈ ಕೊಟ್ಟು ಮಲಗಲು ಹೋಗುತ್ತಾರೆ. ಅಲ್ಲಿಂದ ಮುಂದಿನದು ಇಳಿಯಪ್ಪನವರ ಪಾಲು. ತೂಕದ ಜಾಗದಿಂದ ಗೋದಾಮಿಗೆ, ಗೋದಾಮಿನಿಂದ ತೊಳೆಯುವಲ್ಲಿಗೆ, ಅಲ್ಲಿಂದ ಸಾಲಿಗೆ. ದಿನಕ್ಕೆ ಮೂವತ್ತು ನಲವತ್ತು ಲಾರಿಗಳು ಇವರ ಕೈ ದಾಟುತ್ತವೆ. ಇವರು ಮಾತ್ರ ಗೇಟು ದಾಟುವುದಿಲ್ಲ.

“ಇವನ ಕೈಯಲ್ಲಿ ಇದುವರೆಗೆ ಒಂದು ಕನ್ನಡಿಯೂ ಒಡೆದಿಲ್ಲ,” ಎನ್ನುತ್ತಾರೆ ಅಂಗಳದ ಮೇಲ್ವಿಚಾರಕರು. ಅದನ್ನೇ ಹೊರಗಿನ ಮಾಲೀಕರಿಗೂ ಹೇಳಬಾರದೇ ಎಂದರೆ, “ಹೇಳಿದ್ರೆ ಕರ್ಕೊಂಡು ಹೋಗ್ತಾರಲ್ಲ! ಆಮೇಲೆ ಇಷ್ಟು ಲಾರಿ ನಿಲ್ಲಿಸೋರು ಯಾರು, ನೀವಾ?”

ಇವರು ಮೊದಲು ಮೂಟೆ ಹೊರುತ್ತಿದ್ದವರು. ಹಿರಿಯ ಡ್ರೈವರೊಬ್ಬರ ಪಕ್ಕ ಕೂತು, ಕಾಲೊತ್ತಿ, ಬೈಗುಳ ತಿಂದು ಕೆಲಸ ಕಲಿತರು. ಭಾರಿ ವಾಹನದ ಲೈಸೆನ್ಸ್ ಬಂತು, ಒಂದು ಲಾರಿಯೂ ಸಿಕ್ಕಿತು. ಮೂರನೇ ತಿಂಗಳಲ್ಲಿ ಸಿಮೆಂಟ್ ಗೋದಾಮಿನ ಹಿಂದೆ ಲಾರಿಯನ್ನು ಹಿಂದಕ್ಕೆ ತೆಗೆಯುತ್ತಿದ್ದಾಗ, ಹಮಾಲಿಯೊಬ್ಬರು ನಿಂತು ‘ಬರಲಿ, ಬರಲಿ’ ಎಂದು ಕೈಬೀಸುತ್ತಿದ್ದರು. ಕನ್ನಡಿಯಲ್ಲಿ ಕಾಣುತ್ತಿದ್ದವರು ಇದ್ದಕ್ಕಿದ್ದಂತೆ ಕಾಣದಾದರು.

“ಪಕ್ಕಕ್ಕೆ ಸರಿದ್ರು ಅಂದ್ಕೊಂಡೆ. ಅವರು ಬಗ್ಗಿದ್ರು. ಚಕ್ರದ ದಾರೀಲಿ ಒಂದು ಮರದ ತುಂಡು ಬಿದ್ದಿತ್ತು. ಟೈರಿಗೆ ಏಟಾಗದೇ ಇರ್ಲಿ ಅಂತ ತೆಗೆಯೋಕೆ ಬಗ್ಗಿದ್ರು. ನನ್ನ ಟೈರಿಗೆ.”

ಚಕ್ರಕ್ಕೆ ಸಿಕ್ಕ ಹಮಾಲಿಯ ಕಾಲು ಉಳಿಯಿತು, ಪಾದ ಸೊಟ್ಟಗಾಯಿತು. ಇವರು ಒಮ್ಮೆ ಆಸ್ಪತ್ರೆಯ ಬಾಗಿಲವರೆಗೆ ಹೋಗಿದ್ದರು. ಅಲ್ಲಿ ಕೂತಿದ್ದ ಹಮಾಲಿಯ ತಾಯಿ, “ಯಾಕೆ ಬಂದೆ? ಇನ್ನೊಂದು ಕಾಲೂ ಬೇಕಿತ್ತಾ?” ಎಂದರು. ಹಾಗೇ ಹಿಂದಿರುಗಿದವರು ಮತ್ತೆ ಆ ಕಡೆ ತಲೆ ಹಾಕಿಲ್ಲ.

ಪೊಲೀಸು, ಕೋರ್ಟು ಎಲ್ಲ ಮುಗಿದು ಲೈಸೆನ್ಸ್ ವಾಪಸ್ ಬಂತು. ಕೆಲಸ ಬರಲಿಲ್ಲ. ಹಳಬರಿಗೆ ಅಪಘಾತವಾದರೆ ಗ್ರಹಚಾರ ಎನ್ನುವ ಜನ, ಹೊಸಬರಿಗಾದರೆ ಕೈ ಸರಿಯಿಲ್ಲ ಎನ್ನುತ್ತಾರೆ. ಮಾಲೀಕರು ಇನ್ಶೂರೆನ್ಸ್‌ನವರ ಕಡೆ ಬೆರಳು ತೋರಿಸಿದರು, ಇನ್ಶೂರೆನ್ಸ್‌ನವರು ಮಾಲೀಕರ ಕಡೆ. ಕಲಿಸಿದ ಹಿರಿಯ ಡ್ರೈವರಂತೂ, “ನಾನಾ? ಅವನಿಗೆ ಸೈಕಲ್ಲೂ ಕಲಿಸಿಲ್ಲ” ಎಂದು ಕೈ ಝಾಡಿಸಿಕೊಂಡರು. ಕೊನೆಗೆ ಸಿಕ್ಕಿದ್ದು ಈ ಅಂಗಳ. ಆದರೆ ಅಂಗಳದೊಳಗೆ ಓಡಿಸಿದ್ದು ಅನುಭವದ ಲೆಕ್ಕಕ್ಕಿಲ್ಲ.

“ರೋಡ್ ಮೇಲೆ ಎಷ್ಟು ದಿನ ಓಡಿಸಿದ್ದೀಯ ಅಂತಾರೆ. ಮೂರು ತಿಂಗಳು ಅಂತೀನಿ. ಐದು ವರ್ಷದಿಂದ ಅದೇ ಮೂರು ತಿಂಗಳು. ಕೂದಲು ಬೆಳ್ಳಗಾಯ್ತು, ನಾನಿನ್ನೂ ಹೊಸ ಡ್ರೈವರ್ರೇ.”

ಈ ವಾರ ಒಂದು ಬಾಗಿಲು ಅರ್ಧ ತೆರೆದಿದೆ. ಊರಾಚೆಯ ಲಾರಿ ಮಾಲೀಕರೊಬ್ಬರು ಇವರಿಂದ ಒಂದು ಸುತ್ತು ಲಾರಿ ಓಡಿಸಿ ನೋಡಿ ಮೆಚ್ಚಿಕೊಂಡಿದ್ದಾರೆ. ಹಳೆಯ ಸಂಗತಿಯನ್ನು ಇವರೇ ಬಾಯಿಬಿಟ್ಟು ಹೇಳಿದಾಗ, ಆ ಮಾಲೀಕರು ಗಲ್ಲ ಕೆರೆದುಕೊಂಡು ಒಂದು ಷರತ್ತು ಹಾಕಿದರು. “ಯಾರ ಕಾಲ ಮೇಲೆ ಹತ್ತಿಸಿದೆಯೋ, ಇವನಿಗೆ ಲಾರಿ ಕೊಡಬಹುದು ಅಂತ ಅವನೇ ಹೇಳಲಿ. ಬೇರೆಯವರ ಶಿಫಾರಸು ನನಗೆ ಬೇಡ. ಸೋಮವಾರ ಸಂಜೆವರೆಗೆ ಬೀಗದಕೈ ಇಟ್ಟಿರ್ತೀನಿ. ಆಮೇಲೆ ಇನ್ನೊಬ್ಬನಿಗೆ.”

ಮನೆ ಎಂದರೆ ಟೈರ್ ಅಂಗಡಿಯ ಮೇಲಿನ ಒಂದೇ ಕೋಣೆ. ಗೋಡೆಗೆ ಒರಗಿಸಿದ ಮಡಚುವ ಮಂಚ, ಕಿಟಕಿಯಲ್ಲಿ ಒಣಗುವ ಬಟ್ಟೆ, ಕೆಳಗಿನಿಂದ ಸದಾ ಬರುವ ಸುಟ್ಟ ರಬ್ಬರಿನ ವಾಸನೆ. ಹೆಂಡತಿ ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹಚ್ಚುತ್ತಾರೆ. ಬೆರಳ ತುದಿಗಳು ಗಟ್ಟಿಯಾಗಿವೆ. ಮಾತೂ ಹಾಗೆಯೇ.

“ಹೋಗಿ ಒಂದು ಮಾತು ಕೇಳಿದ್ರೆ ಬಾಯಿ ಸವೆದು ಹೋಗುತ್ತಾ?”

“ಅವರ ಕಾಲು ಕಿತ್ಕೊಂಡಾಯ್ತು. ಈಗ ನಾಲಿಗೇನೂ ಕೊಡಿ ಅನ್ಲಾ?”

“ನಿಮ್ಮ ಮರ್ಯಾದೆ ಬೇಯಿಸ್ಕೊಂಡು ತಿನ್ನೋಕಾಗಲ್ಲ ರೀ.”

“ಮರ್ಯಾದೆ ಅಲ್ಲ ಕಣೇ, ನಾಚಿಕೆ.”

ಶನಿವಾರ ಮಧ್ಯಾಹ್ನ ಆಕೆ ಗಂಡನಿಗೆ ಹೇಳದೆ ಹಮಾಲಿಯನ್ನು ಹುಡುಕಿಕೊಂಡು ಹೊರಡುತ್ತಾರೆ. ಹಮಾಲಿ ಈಗ ಮೂಟೆ ಹೊರುವುದಿಲ್ಲ. ಗೋದಾಮಿನ ಮೂಲೆಯಲ್ಲಿ ಕೂತು ಹರಿದ ಚೀಲ ಹೊಲಿಯುತ್ತಾರೆ. ಪಕ್ಕದಲ್ಲಿ ಊರುಗೋಲು.

“ಅಣ್ಣಾ, ನಾನು…”

“ಗೊತ್ತು ತಂಗಿ, ಕೂತ್ಕೋ. ಈ ಊರಲ್ಲಿ ಸುದ್ದಿಗೆ ಕಾಲು ಚೆನ್ನಾಗಿದೆ, ನನಗೇ ಇಲ್ಲ.” ಸೂಜಿಗೆ ದಾರ ಪೋಣಿಸುತ್ತಲೇ ಕೇಳುತ್ತಾರೆ, “ನಿನ್ನ ಗಂಡ ಈಗ ಇಳಿದು ಇಳಿದು ನೋಡ್ತಾನಂತೆ? ಒಳ್ಳೇದು. ಅವತ್ತೇ ಇಳಿದಿದ್ರೆ ಇನ್ನೂ ಒಳ್ಳೇದಿತ್ತು.”

ಆಕೆ ತಲೆ ತಗ್ಗಿಸುತ್ತಾರೆ. “ಆ ಮಾಲೀಕರಿಗೆ ಒಂದು ಮಾತು ಹೇಳ್ತೀರಾ ಅಣ್ಣಾ?”

“ಹೇಳ್ತೀನಿ. ಅವನೇ ಬರಲಿ. ಐದು ವರ್ಷದಲ್ಲಿ ಒಂದ್ಸಲ, ಒಂದೇ ಒಂದ್ಸಲ, ಕಾಲು ಹೆಂಗಿದೆ ಅಂತ ಕೇಳಿದ್ನಾ? ನಮ್ಮಮ್ಮ ಬೈದ್ಲು ಅಂತ ಓಡಿಹೋದ. ಮಗನ ಕಾಲು ಮುರಿದಾಗ ತಾಯಿ ಬೈಯದೆ ಹಾಡ್ತಾಳಾ?”

“ಅವರಿಗೆ ಹೆದರಿಕೆ ಅಣ್ಣಾ.”

“ನನಗಿಲ್ವಾ? ಈಗಲೂ ಬೆನ್ನ ಹಿಂದೆ ಲಾರಿ ಸದ್ದಾದ್ರೆ ಗೋಡೆಗೆ ಅಂಟ್ಕೋತೀನಿ. ಹೆದರಿಕೆ ಏನು ಅವನೊಬ್ಬನ ಸ್ವತ್ತಾ?”

ಭಾನುವಾರ ಸಂಜೆ ಇಳಿಯಪ್ಪ ಮನೆಗೆ ಬಂದು ಕೈಯ ಗ್ರೀಸು ತೊಳೆಯುತ್ತಿರುವಾಗ ಹೆಂಡತಿ ಎಲ್ಲವನ್ನೂ ಹೇಳುತ್ತಾರೆ, ಬೈಸಿಕೊಳ್ಳಲು ತಯಾರಾಗಿಯೇ. ಗಂಡ ಬೈಯುವುದಿಲ್ಲ. ನಲ್ಲಿ ನಿಲ್ಲಿಸಿ ಕೇಳುತ್ತಾರೆ.

“ಕೋಲು ಹಿಡಿದೇ ನಡೀತಾರಾ?”

“ಹೂಂ.”

ಒದ್ದೆ ಕೈ ಒರೆಸಿಕೊಳ್ಳುತ್ತಾ, “ಹೋಗ್ತೀನಿ” ಎನ್ನುತ್ತಾರೆ.

ಹೆಂಡತಿ ಆಗಲೇ ಒಗೆದ ಅಂಗಿಯನ್ನು ಹುಡುಕತೊಡಗುತ್ತಾರೆ. “ನಾಳೆ ಬೆಳಿಗ್ಗೇನೇ ಹೋಗಿ. ಸಂಜೆವರೆಗೂ ಟೈಮಿದೆ.”

“ನಾಳೆ ಬೇಡ ಕಣೇ. ಮಂಗಳವಾರ ಹೋಗ್ತೀನಿ.”

“ಮಂಗಳವಾರ ಬೀಗದಕೈ ಇನ್ನೊಬ್ಬನ ಕೈಲಿರುತ್ತೆ ರೀ!”

“ಇರ್ಲಿ. ನಾಳೆ ಹೋದ್ರೆ, ಕಾಲು ಹೆಂಗಿದೆ ಅಂತ ಕೇಳಿದ್ದು ಲಾರಿಗೋಸ್ಕರ ಆಗುತ್ತೆ. ಮಂಗಳವಾರ ಹೋದ್ರೆ ಕಾಲಿಗೋಸ್ಕರ.”